‘ದಿನರಂಗ’: ಪಂಡಿತ ದಿನಕರ ಕಾಯ್ಕಿಣಿ (1927–2010)

ಭಟ್ಕಳ ತಾಲ್ಲೂಕಿನಲ್ಲಿ, ಶಿರಾಲಿ ದಾಟಿ ಮುರ್ಡೇಶ್ವರದತ್ತ ಹೊರಟರೆ ಸಿಗುವ ಊರು ಕಾಯ್ಕಿಣಿ. ಇದನ್ನೇ ಅಡ್ಡಹೆಸರಾಗಿ ಹೊತ್ತ ಚಿತ್ರಾಪುರ ಸಾರಸ್ವತ ಮನೆತನದ ಹಿಂದೂಸ್ತಾನಿ ಗಾಯಕ, ವಾಗ್ಗೇಯಕಾರ ದಿನಕರ ಕಾಯ್ಕಿಣಿ. ಅವರು ಕಲಿತದ್ದು, ದುಡಿದದ್ದು ಮಾತ್ರ ಲಖನೌ, ದೆಹಲಿ, ಮುಂಬಯಿಗಳಲ್ಲಿ.

ಮೊದಲ ಗುರು ಕೆ. ನಾಗೇಶರಾವ್, ಬಳಿಕ ಲಖನೌದ ಮ್ಯಾರಿಸ್ ಕಾಲೇಜಿನಲ್ಲಿ ಎಸ್. ಎನ್. ರಾತಂಜನಕರ್. ರಾತಂಜನಕರರ ಆಗ್ರಾ ಘರಾಣೆಯಲ್ಲಿ ಗಾಯಕರೇ ಬಂದಿಶ್ (ರಚನೆ) ಕಟ್ಟಿ ಹಾಡುವ ರೂಢಿ ಗಟ್ಟಿಯಾಗಿತ್ತು. ಅಂಕಿತದಲ್ಲಿ ಆ ಘರಾಣೆಯ ಗಾಯಕ ಫೈಯಾಜ್ ಖಾನರು ‘ಪ್ರೇಮ ಪಿಯಾ’ ಆದರು, ರಾತಂಜನಕರರು ‘ಸುಜನ’. ಕಾಯ್ಕಿಣಿಯವರ ಅಂಕಿತ ‘ದಿನರಂಗ’. ನಮ್ಮ ದಾಸರ ಪದಗಳಂತೆ ಇಲ್ಲೂ ಅಂಕಿತ ಸಾಹಿತ್ಯದೊಳಗೇ, ಸಾಮಾನ್ಯವಾಗಿ ಬಂದಿಶ್‌ನ ಎರಡನೆಯ ಭಾಗವಾದ ಅಂತರಾದಲ್ಲಿ, ಹೆಣೆದುಕೊಳ್ಳುತ್ತದೆ. ಹಾಡುವವನೇ ಬರೆದರೆ ಒಂದು ಅನುಕೂಲವಿದೆ: ತಾಳದ ‘ಸಮ್’ (ಮೊದಲ ಮಾತ್ರೆ) ಯಾವ ಅಕ್ಷರದ ಮೇಲೆ ಬೀಳಬೇಕೆಂಬುದು ಪದ ಹೊಸೆಯುವಾಗಲೇ ಗೊತ್ತಾಗಿರುತ್ತದೆ. ಕಾಗದದ ಮೇಲೆ ಸಪ್ಪೆಯೆನಿಸಿದ ಸಾಲೂ ಕಂಠದಲ್ಲಿ ಬಿರಿಯುವುದು ಇದರಿಂದಲೇ. ಕಾಯ್ಕಿಣಿಯವರ ರಚನೆಗಳು ‘ರಾಗರಂಗ’ ಪುಸ್ತಕದಲ್ಲಿವೆ.

ಆಕಾಶವಾಣಿಯಲ್ಲಿ ಕೆಲಸ ಮಾಡಿ, ಮುಂದೆ ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ನರ್ತನ ಶಿಕ್ಷಾಪೀಠಕ್ಕೆ ಪ್ರಾಂಶುಪಾಲರಾದರು. ಹೆಸರಾಂತ ತಬಲಾ ವಾದಕ ಯೋಗೇಶ್ ಸಂಸಿ ಇವರ ಮಗ.