ಕೋಡಿಯ ಮಠದ ಭೈಷಜ್ಯಸ್ಥಾನ

ಕರ್ನಾಟಕದ ಮಠಗಳ ಪೂರ್ವೇತಿಹಾಸವನ್ನು ಬರೆಯಹೊರಟವರು ಗುರುಪರಂಪರೆ, ಅರಸರ ದತ್ತಿ, ವಾದಗಳಲ್ಲಿ ಪಡೆದ ಜಯ, ಗ್ರಂಥರಚನೆ ಇವುಗಳನ್ನು ವಿಸ್ತಾರವಾಗಿ ವರ್ಣಿಸುವರು. ಮಠದ ಒಳಪಡಸಾಲೆಯಲ್ಲಿ ಹಾಸಿಗೆ ಹಿಡಿದು ಮಲಗಿದವರ ಮಾತನ್ನು ಎತ್ತುವವರು ವಿರಳ. ಆದರೆ ಎಂಟೂವರೆ ಶತಮಾನಗಳ ಹಿಂದಿನ ಶಾಸನಕವಿಯೊಬ್ಬನು ಒಂದು ಮಠದ ಮಹಿಮೆಯನ್ನು ಹೇಳುವಾಗ, ಅಲ್ಲಿ ನಡೆಯುತ್ತಿದ್ದ ವೇದಾಧ್ಯಯನವನ್ನೂ ವ್ಯಾಕರಣಪಾಠವನ್ನೂ ಹೇಳಿದ ಅದೇ ಉಸಿರಿನಲ್ಲಿ ಅನಾಥರಾದ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವದೆಂದು ಹೇಳಿರುವನು. ಆ ಮಠವು ಬಳ್ಳಿಗಾವೆಯ ಕೋಡಿಯ ಮಠ; ಆ ಶಾಸನದ ಕಾಲ ಕ್ರಿ. ಶ. 1162.

ಬಳ್ಳಿಗಾವೆಯು ಇಂದು ಶಿವಮೊಗ್ಗಾ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿರುವ ಒಂದು ಸಣ್ಣ ಊರು. ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಛಾಸಿರಕ್ಕೆ ರಾಜಧಾನಿಯಾಗಿ, ಬಳಿಪುರವೆಂಬ ಹೆಸರಿನಿಂದ ಮೆರೆದಿತ್ತು. ಶೈವರ, ವೈಷ್ಣವರ, ಜೈನರ ದೇವಾಲಯಗಳಲ್ಲದೆ ಬೌದ್ಧವಿಹಾರವೂ ಅಲ್ಲಿ ಇದ್ದಿತು. ಆ ವಿಹಾರವನ್ನು ಕ್ರಿ. ಶ. 1065ರ ಸುಮಾರಿಗೆ ಕಟ್ಟಿಸಿದ ವಿಷಯವೂ ಶಾಸನದಿಂದಲೇ ತಿಳಿದಿರುವದು. ಅಲ್ಲಮಪ್ರಭುವಿನ ಜನ್ಮಸ್ಥಳವು ಇದೇ ಊರೆಂದು ಹರಿಹರನ ರಗಳೆಯು ಹೇಳುವದರಿಂದ ಶರಣಸಂಪ್ರದಾಯದವರಿಗೆ ಈ ಹೆಸರು ಹೊಸದಲ್ಲ. ಊರ ಕೆರೆಯ ಮಗ್ಗುಲಲ್ಲಿ ದಕ್ಷಿಣಕೇದಾರನೆಂದು ಖ್ಯಾತಿವಡೆದ ಕೇದಾರೇಶ್ವರನ ಗುಡಿಯುಂಟು. ಕೆರೆಯ ಕೋಡಿಗೆ ಸಮೀಪವಾಗಿದ್ದುದರಿಂದ ಆ ಗುಡಿಗೆ ಸೇರಿದ ಮಠಕ್ಕೆ ಕೋಡಿಯ ಮಠವೆಂಬ ಹೆಸರು ಬಂದಿತೆಂದು ತಿಳಿದವರು ಹೇಳುವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರು ಅದನ್ನು ಒಬ್ಬರಾದ ಮೇಲೊಬ್ಬರು ನಡೆಯಿಸಿದರು. 1162ರ ದತ್ತಿಯ ಕಾಲಕ್ಕೆ ಪೀಠದಲ್ಲಿದ್ದವರು ವಾಮಶಕ್ತಿದೇವರು. ದೇಶವನ್ನಾಳುತ್ತಿದ್ದವನು ಕಳಚುರ್ಯ ಬಿಜ್ಜಳ. ಬಸವಣ್ಣನವರು ಭಂಡಾರಿಗಳಾಗಿದ್ದುದು ಇದೇ ಬಿಜ್ಜಳನ ಬಳಿಯಲ್ಲಿ ಎಂಬದನ್ನು ಭಕ್ತರಿಗೆ ಜ್ಞಾಪಿಸಬೇಕಾದುದಿಲ್ಲ.

ಇಷ್ಟು ಹೇಳಿದೊಡನೆ ಕೋಡಿಯ ಮಠವನ್ನು ವೀರಶೈವ ಮಠವೆಂದು ಎಣಿಸಿಬಿಡುವ ಉತ್ಸಾಹವು ಕೆಲವರಲ್ಲಿ ಕಾಣುವದು. ಅದು ಸಲ್ಲದು. ಅಲ್ಲಿಯ ಆಚಾರ್ಯರು ಕಾಳಾಮುಖರು, ಲಾಕುಲಸಿದ್ಧಾಂತವನ್ನು ಅನುಸರಿಸಿದವರು. ಇಷ್ಟಲಿಂಗದೀಕ್ಷೆಯೂ ವಚನಪರಂಪರೆಯೂ ಬೇರೆ. ಮುಂದೆ ಕಾಳಾಮುಖರ ಅನೇಕ ಮಠಗಳು ಇದ್ದ ನಾಡಿನಲ್ಲಿಯೇ ವೀರಶೈವ ಮಠಗಳು ಬೇರೂರಿದವೆಂಬದು ನಿಜ. ಪೂರ್ವಿಕರ ಒಳ್ಳೆಯ ಕಾರ್ಯವನ್ನು ಸ್ಮರಿಸುವದಕ್ಕೆ ಅವರನ್ನು ತಮ್ಮವರೆಂದು ಬರೆದುಕೊಳ್ಳಬೇಕಾದ ಅವಶ್ಯಕತೆ ಮಾತ್ರ ಇಲ್ಲ.

ಶಾಸನವು ಮಠವನ್ನು ವರ್ಣಿಸುವ ಕ್ರಮವು ಲಕ್ಷಿಸತಕ್ಕದ್ದಾಗಿದೆ. ಮೊದಲು ಶಿವಲಿಂಗಪೂಜೆಯ, ಬ್ರಹ್ಮಚಾರಿಗಳ ಅನುಷ್ಠಾನದ ಮಾತು. ಬಳಿಕ ಸಾಂಗವಾದ ವೇದಚತುಷ್ಟಯ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧವೇ ಮೊದಲಾದ ದರ್ಶನಗಳು, ಪಾತಂಜಲ ಯೋಗ, ಅಷ್ಟಾದಶ ಪುರಾಣಗಳು, ಕಾವ್ಯನಾಟಕಗಳು. ಆಮೇಲೆ ಅನ್ನದಾನ. ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು ಇವರಿಗೆ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ನರ್ತಿಸುವವರು ಇವರಿಗೆ. ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರು ಎಂಬ ನಾನಾ ದೇಶದ ನಾನಾ ಮತದ ಸನ್ಯಾಸಿಗಳಿಗೆ. ಅನ್ನದಾನದ ಬೆನ್ನಲ್ಲಿಯೇ ರೋಗಿಗಳ ಮಾತು ಬರುವದು. ಕೊನೆಗೆ ಸಕಲ ಭೂತಗಳಿಗೂ ಅಭಯವೀಯುವ ತಾಣವೆಂಬ ಮಾತು.

ಉಣಿಸುವದು ಸುಲಭ, ಉಪಚರಿಸುವದು ಕಷ್ಟ. ಉಂಡವನು ಎದ್ದುಹೋಗುವನು, ರೋಗಿಯು ಎದ್ದುಹೋಗಲಾರನು. ಅವನ ರಾತ್ರಿಯೂ ಅವನ ಮಲಮೂತ್ರವೂ ಅವನ ನರಳಾಟವೂ ಆಶ್ರಯವಿತ್ತವನ ಪಾಲಿಗೆ ಬರುವವು. ಅದುಕಾರಣವೇ ಅನ್ನಸತ್ರಗಳ ಶಾಸನಗಳು ನಾಡತುಂಬ ಹೇರಳವಾಗಿದ್ದು, ಭೈಷಜ್ಯಸ್ಥಾನಗಳ ಶಾಸನಗಳು ಬೆರಳಿಂದೆಣಿಸುವಷ್ಟಿರುವವು.

ಇಂತಹ ಸ್ಥಾನವು ಹೇಗಿರಬೇಕೆಂಬದನ್ನು ಚರಕಾಚಾರ್ಯನು ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ನಿರೂಪಿಸಿರುವನು. ಮನೆಯು ಗಟ್ಟಿಮುಟ್ಟಾಗಿರಬೇಕು, ಬಿರುಗಾಳಿಯು ನುಗ್ಗದೆ ಒಂದು ಕಡೆಯಿಂದ ಹದವಾದ ಗಾಳಿಯಾಡಬೇಕು, ಹೊಗೆ, ಬಿಸಿಲು, ಧೂಳು, ನೀರು ತಾಕಬಾರದು. ಒರಳು ಒನಕೆ, ಬಚ್ಚಲು, ಶೌಚಸ್ಥಾನ, ಅಡಿಗೆಮನೆ ಇವೆಲ್ಲ ಅದರೊಳಗೆ ಇರಬೇಕು. ಪರಿಚಾರಕರಾಗಿ ಬೇಯಿಸಬಲ್ಲವರು, ಮೀಯಿಸಬಲ್ಲವರು, ಮೈಯೊತ್ತಬಲ್ಲವರು, ರೋಗಿಯನ್ನು ಎತ್ತಿ ಕೂಡ್ರಿಸಿ ಮಲಗಿಸಬಲ್ಲವರು, ಔಷಧಗಳನ್ನು ಅರೆಯಬಲ್ಲವರು ಬೇಕು. ಇವರೊಡನೆ ಹಾಡುವವರು, ವಾದ್ಯ ನುಡಿಸುವವರು, ಗಾಥೆ ಆಖ್ಯಾಯಿಕೆ ಇತಿಹಾಸ ಪುರಾಣಗಳನ್ನು ಬಲ್ಲವರೂ ಇರಬೇಕೆಂದು ಆ ಮುನಿಯು ವಿಧಿಸಿರುವನು. ಕರುವುಳ್ಳ ಹಾಲ್ಗರೆಯುವ ಹಸುವೂ ಇರಬೇಕು.

ಕೋಡಿಯ ಮಠದ ಶಾಸನದಲ್ಲಿ ಗಾಯಕರೂ ವಾದಕರೂ ಕಥಿಕರೂ ಹೆಳವ ಕುರುಡರ ಪಕ್ಕದಲ್ಲಿಯೇ ಬಂದಿರುವದನ್ನು ಈ ಅಧ್ಯಾಯದೊಡನೆ ಇಟ್ಟು ನೋಡಿದರೆ ಒಂದು ಸಂಗತಿಯು ಹೊಳೆಯುವದು. ಶಾಸನವು ಅವರನ್ನು ಉಣ್ಣುವವರೆಂದೇ ಹೇಳಿದೆಯಲ್ಲದೆ ರೋಗಿಗಳನ್ನು ರಂಜಿಸುವವರೆಂದು ಹೇಳಿಲ್ಲ. ಹೇಳದ ಮಾತನ್ನು ಅದರ ಬಾಯಲ್ಲಿ ಇಡಲಾಗದು. ಆದರೂ ಒಂದೇ ಛಾವಣಿಯ ಕೆಳಗೆ ಉಂಡು ತಂಗಿದ ಕಥಿಕನು ಸಂಜೆಯಲ್ಲಿ ಬಾಯಿ ಮುಚ್ಚಿ ಕುಳಿತಿರಲಾರನು, ಹಾಸಿಗೆಯಲ್ಲಿದ್ದವನು ಕಿವಿ ಮುಚ್ಚಿಕೊಂಡಿರಲಾರನು.

ಮಠದ ವರ್ಷವು ಹೇಗೆ ಸಾಗುತ್ತಿತ್ತೆಂಬದನ್ನು ಊಹಿಸುವದಕ್ಕೆ ಆಯುರ್ವೇದದ ಋತುಚರ್ಯೆಯೂ ಆ ಪ್ರದೇಶದ ಹವೆಯೂ ಸಹಾಯಕವಾಗಿರುವವು. ಬಳ್ಳಿಗಾವೆಯು ಮಲೆನಾಡಿನ ಅಂಚು, ಸುತ್ತಲೂ ಕೆರೆಗಳು. ಮಳೆಗಾಲದಲ್ಲಿ ಜಠರಾಗ್ನಿಯು ಮಂದವಾಗಿ ವಾತವು ಪ್ರಕೋಪಗೊಳ್ಳುವದೆಂದು ಶಾಸ್ತ್ರವು ಹೇಳುವದು. ಮುಪ್ಪಿನಲ್ಲಿ ವಾತವೇ ಪ್ರಧಾನವೆಂಬದೂ ಶಾಸ್ತ್ರಸಿದ್ಧವೇ. ಆದುದರಿಂದ ಮಳೆಗಾಲವು ವೃದ್ಧರಿಗೆ ಇಮ್ಮಡಿ ಭಾರ; ಕೀಲುನೋವು, ಕೆಮ್ಮು, ಅರುಚಿಗಳು ಆಗಲೇ ಕಾಡುವವು. ಸನ್ಯಾಸಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ತಂಗುವ ಚಾತುರ್ಮಾಸ್ಯವೂ ಅದೇ ಕಾಲ. ಏಕದಂಡಿ ತ್ರಿದಂಡಿಗಳ ದೊಡ್ಡ ಪಟ್ಟಿಯನ್ನು ಶಾಸನವು ಸುಮ್ಮನೆ ಕೊಟ್ಟಿಲ್ಲವಾದರೆ, ಆಷಾಢದಿಂದ ಕಾರ್ತಿಕದವರೆಗೆ ಕೋಡಿಯ ಮಠದಲ್ಲಿ ಕಾಲಿಡಲು ಸ್ಥಳವಿರಲಾರದು; ಪಂಕ್ತಿಯೂ ದೊಡ್ಡದು, ಪಡಸಾಲೆಯೂ ತುಂಬಿದ್ದು.

ಮಳೆ ತೆರಪಾದ ಮೇಲೆ ಶರತ್ಕಾಲ. ಎಳೆಬಿಸಿಲಿಗೆ ಪಿತ್ತವು ಕೆರಳಿ ಜ್ವರಗಳು ಹೆಚ್ಚುವ ಕಾಲವದು. ವೈದ್ಯರಿಗೆ ಶರತ್ತು ತಾಯಿ, ವಸಂತ ತಂದೆ ಎಂಬ ಹಾಸ್ಯೋಕ್ತಿಯು ಪಂಡಿತರಲ್ಲಿ ಉಂಟು. ಮಲೆನಾಡಿನಲ್ಲಿ ಅದು ಹಾಸ್ಯವಾಗಿರಲಿಲ್ಲ. ಸೊಳ್ಳೆಯಿಂದ ಹರಡುವ ಚಳಿಜ್ವರವು ಆ ಸೀಮೆಯ ಊರುಗಳನ್ನೇ ಹಾಳುಗೆಡಹಿತೆಂಬದು 20ನೆಯ ಶತಮಾನದ ಮಧ್ಯದವರೆಗೂ ಜನರು ಕಣ್ಣಾರೆ ಕಂಡ ಸಂಗತಿ. ಹೇಮಂತದಲ್ಲಿ ಅಗ್ನಿಯು ಬಲಿತು ರೋಗಿಗಳು ಚೇತರಿಸುವರು. ಎಣ್ಣೆ ತಿಕ್ಕುವದು, ಬಿಸಿನೀರು ಎರೆಯುವದು, ಹೊದಿಕೆ, ಒಲೆಯ ಕಾವು ಇವೇ ಆಗಿನ ಚಿಕಿತ್ಸೆ. ವಸಂತದಲ್ಲಿ ಕಫದ ಕಾಟ. ಔಷಧಸಂಗ್ರಹಕ್ಕೂ ಋತುನಿಯಮವಿರುವದು. ಎಲೆ ಕೊಂಬೆಗಳನ್ನು ವರ್ಷ ವಸಂತಗಳಲ್ಲಿಯೂ, ಬೇರುಗಳನ್ನು ಗ್ರೀಷ್ಮ ಶಿಶಿರಗಳಲ್ಲಿಯೂ, ತೊಗಟೆ ಗೆಡ್ಡೆ ಹಾಲುಗಳನ್ನು ಶರತ್ತಿನಲ್ಲಿಯೂ ತರತಕ್ಕದ್ದೆಂದು ಚರಕನ ಮತ. ಹೀಗಿರುವಲ್ಲಿ ವರ್ಷವಿಡೀ ಕಾಡಿಗೆ ಹೋಗಿಬರುವ ಜನವು ಇಲ್ಲದೆ ಭೈಷಜ್ಯಸ್ಥಾನವು ನಡೆಯದು.

ಈ ಮಾತಿಗೆ ತಮಿಳುನಾಡಿನ ಒಂದು ಶಾಸನವು ಒಳ್ಳೆಯ ಸಾಕ್ಷಿ. ಕಾಂಚೀಪುರಕ್ಕೆ ಸಮೀಪದ ತಿರುಮುಕ್ಕೂಡಲ್ ಎಂಬಲ್ಲಿ ಪಾಲಾರು ನದಿಯ ಸಂಗಮದ ಬಳಿಯ ವಿಷ್ಣುದೇವಾಲಯದಲ್ಲಿ ಚೋಳ ವೀರರಾಜೇಂದ್ರನ ಕಾಲದ, ಅಂದರೆ ಕ್ರಿ. ಶ. 1068ರ ಸುಮಾರಿನ ಬರೆಹವಿದೆ. ಅಲ್ಲಿಯ ಆತುರಶಾಲೆಯಲ್ಲಿ 15 ಹಾಸಿಗೆಗಳು. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ತರುವದಕ್ಕೆ 2 ಆಳು, ರೋಗಿಗಳ ಶುಶ್ರೂಷೆಗೆ 2 ಹೆಂಗಸರು. ಪ್ರತಿ ರೋಗಿಗೂ ದಿನಕ್ಕೆ ಒಂದು ನಾಳಿ ಅಕ್ಕಿ. ರಾತ್ರಿಯೆಲ್ಲ ಉರಿಯುವ ಒಂದು ದೀಪ. ಒಂದು ವರ್ಷಕ್ಕೆ ಕೂಡಿಸಿಡತಕ್ಕ ಸುಮಾರು 20 ಔಷಧಗಳ ಹೆಸರುಗಳನ್ನೂ ಕೆತ್ತಿದ್ದಾರೆ. ಅವುಗಳಲ್ಲಿ ವಾಸಾಹರೀತಕಿ, ಗೋಮೂತ್ರಹರೀತಕಿ, ದಶಮೂಲಹರೀತಕಿ, ಭಲ್ಲಾತಕಹರೀತಕಿ ಎಂದು ನಾಲ್ಕು ಬಗೆಯವು ಅಳಲೆಕಾಯಿಯಿಂದಲೇ ಆದವು. ಅಳಲೆಕಾಯಿಯನ್ನು ಮಳೆಗಾಲದಲ್ಲಿ ಸೈಂಧವದೊಡನೆ, ಶರತ್ತಿನಲ್ಲಿ ಸಕ್ಕರೆಯೊಡನೆ, ಹೇಮಂತದಲ್ಲಿ ಶುಂಠಿಯೊಡನೆ, ಶಿಶಿರದಲ್ಲಿ ಹಿಪ್ಪಲಿಯೊಡನೆ, ವಸಂತದಲ್ಲಿ ಜೇನಿನೊಡನೆ, ಗ್ರೀಷ್ಮದಲ್ಲಿ ಬೆಲ್ಲದೊಡನೆ ಸೇವಿಸುವ ಋತುಹರೀತಕಿಯ ಕ್ರಮವನ್ನು ಮುಂದೆ ಭಾವಪ್ರಕಾಶಕಾರನು ಹೇಳಿರುವನು; ಹಳ್ಳಿಯ ಮುದುಕಿಯರಿಗೆ ಅದು ಗ್ರಂಥವಿಲ್ಲದೆಯೂ ತಿಳಿದಿತ್ತು.

ತಿರುಮುಕ್ಕೂಡಲಿನ ಲೆಕ್ಕವು ಎಷ್ಟು ಅಚ್ಚುಕಟ್ಟಾಗಿದ್ದರೂ ಅದು ಆ ದೇವಾಲಯದ ವಿದ್ಯಾರ್ಥಿಗಳಿಗೂ ಊಳಿಗದವರಿಗೂ ಏರ್ಪಟ್ಟುದು. ಕೋಡಿಯ ಮಠದ ಶಾಸನದಲ್ಲಿ ಹಾಸಿಗೆಗಳ ಎಣಿಕೆಯಿಲ್ಲ, ಅಕ್ಕಿಯ ಅಳತೆಯಿಲ್ಲ. ಇರುವದು ಅನಾಥರೆಂಬ ಒಂದೇ ಶಬ್ದ. ತನ್ನವರಿಗಾಗಿ ನಿಯಮವನ್ನು ಕೆತ್ತಿಸುವದು ಒಂದು ಬಗೆಯ ಧರ್ಮ, ಯಾರಿಗೂ ಬೇಡವಾದವನಿಗಾಗಿ ಬಾಗಿಲು ತೆರೆದಿಡುವದು ಇನ್ನೊಂದು ಬಗೆ. ಎರಡನ್ನೂ ಕೂಡಿಸಿದ ನಿದರ್ಶನವನ್ನು ನೋಡಬೇಕಾದರೆ ಆಂಧ್ರದೇಶಕ್ಕೆ ಹೋಗಬೇಕು. ಕ್ರಿ. ಶ. 1261ರ ಮಲ್ಕಾಪುರ ಶಾಸನದ ಪ್ರಕಾರ ಗೋಳಕೀಮಠದ ವಿಶ್ವೇಶ್ವರಶಿವಾಚಾರ್ಯರು ಕಾಕತೀಯ ರಾಣಿ ರುದ್ರಮದೇವಿಯಿಂದ ಬಂದ ಭೂಮಿಯ ಉತ್ಪನ್ನವನ್ನು ಮೂರು ಪಾಲು ಮಾಡಿದರು. ಒಂದು ದೇವರಿಗೆ, ಒಂದು ಮಠಕ್ಕೂ ವಿದ್ಯಾರ್ಥಿಗಳಿಗೂ, ಮೂರನೆಯದು ಪ್ರಸೂತಿಶಾಲೆ, ಆರೋಗ್ಯಶಾಲೆ, ಸತ್ರಗಳಿಗೆ. ದೇವರಿಗೆ ಒಂದು ಪಾಲಾದರೆ ಬಾಣಂತಿಗೂ ರೋಗಿಗೂ ಹಸಿದವನಿಗೂ ಕೂಡಿ ಅಷ್ಟೇ ದೊಡ್ಡ ಇನ್ನೊಂದು ಪಾಲು. ಮಠಗಳ ಆಯವ್ಯಯವನ್ನು ಬರೆಯುವ ಕಾರಭಾರಿಗಳು ಈ ಭಾಗಹಾರವನ್ನು ಒಮ್ಮೆ ನಿಂತು ನೋಡಲಿ.

ವೈದ್ಯವಿದ್ಯೆಯು ಆಗ ಸಂಸ್ಕೃತದ ಪೆಟ್ಟಿಗೆಯೊಳಗೇ ಇದ್ದಿತೆಂದು ತಿಳಿಯಲಾಗದು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ಗೋವೈದ್ಯವು ಕ್ರಿ. ಶ. 1125ರ ಸುಮಾರಿನದು, ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದುದು 1150ರ ಸುಮಾರಿಗೆ. ಎರಡೂ ಕೋಡಿಯ ಮಠದ ಏಳಿಗೆಯ ಕಾಲದಲ್ಲಿಯೇ ಕನ್ನಡದಲ್ಲಿ ಹುಟ್ಟಿದವು. ಕಲ್ಯಾಣದ ಶರಣರೊಳಗೂ ವೈದ್ಯ ಸಂಗಣ್ಣನೆಂಬವನು ಇದ್ದನು. ಚಿಕಿತ್ಸೆಯೇ ಅವನ ಕಾಯಕ. ರೋಗದ ಹೆಸರುಗಳೂ ಮದ್ದಿನ ಹೆಸರುಗಳೂ ಅವನಲ್ಲಿ ಭವರೋಗದ ಮಾತಾಗಿ ತಿರುಗುವವು. ಇಲ್ಲಿ ಒಂದು ಭೇದವು ಕಾಣುವದು. ಕೋಡಿಯ ಮಠದಲ್ಲಿ ಶುಶ್ರೂಷೆಯು ಅರಸನ ದತ್ತಿಯಿಂದ ನಡೆಯಿತು; ದತ್ತಿಯ ಗ್ರಾಮವು ಕೈಬಿಟ್ಟೊಡನೆ ಮದ್ದಿನ ಒರಳೂ ನಿಂತಿತು. ಶರಣರು ಅದನ್ನು ಒಬ್ಬೊಬ್ಬನ ಕೈಯ ಕಾಯಕವಾಗಿ ಎಣಿಸಿ, ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಒಪ್ಪಿಸಿದರು. ದಾಸೋಹವೆಂದರೆ ಅನ್ನದ ಹಂಡೆಯೊಂದೇ ಎಂದು ಬಳಕೆಯಲ್ಲಿ ಸಂಕುಚಿತವಾಗಿರುವದು ಈಚಿನ ಮಾತು.

ಆ ಅರ್ಥವು ಪೂರ್ಣವಾಗಿ ಅಳಿಯಲಿಲ್ಲವೆಂಬದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಸಾಕ್ಷಿ. ಹಾನಗಲ್ಲ ಕುಮಾರಸ್ವಾಮಿಗಳು (1867–1930) ಕಣ್ಣಿಲ್ಲದ ಒಬ್ಬ ಬಾಲಕನಿಗೆ ಆಶ್ರಯವಿತ್ತು ಸಂಗೀತವನ್ನು ಕಲಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು (1892–1944). ಅವರು ತಮ್ಮಂತೆ ಕಣ್ಣಿಲ್ಲದವರನ್ನೂ ಅನಾಥರನ್ನೂ ಕೂಡಿಹಾಕಿಕೊಂಡು ಊರೂರು ತಿರುಗಿ, ಬರಗಾಲದ ವರ್ಷಗಳಲ್ಲಿಯೂ ಅವರನ್ನು ಬಿಡದೆ ಸಾಕಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಆ ಭಾರವನ್ನು ಹೊತ್ತು, 66 ವರ್ಷ ನಡೆಯಿಸಿದರು. ಬಳ್ಳಿಗಾವೆಯ ಶಾಸನಕವಿಯು ಒಂದರ ಪಕ್ಕದಲ್ಲಿ ಒಂದಾಗಿ ಬರೆದ ಕುರುಡರೂ ಹಾಡುವವರೂ ಗದುಗಿನಲ್ಲಿ ಒಬ್ಬರೇ ಆದರು.

ಬಳ್ಳಿಗಾವೆಯ ಶಾಸನಗಳನ್ನು ರೈಸ್ ಸಾಹೇಬರು ಕರ್ನಾಟಕ ಶಾಸನಸಂಪುಟದ ಏಳನೆಯ ಭಾಗದಲ್ಲಿ 1902ರಲ್ಲಿ ಅಚ್ಚುಮಾಡಿಸಿದರು. ಕೋಡಿಯ ಮಠದ ಈ ಶಾಸನವು ಅದರಲ್ಲಿ ಶಿಕಾರಿಪುರ ತಾಲೂಕಿನ 102ನೆಯದು. ಕೇದಾರೇಶ್ವರನ ಗುಡಿಯು ಇಂದಿಗೂ ನಿಂತಿದೆ, ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗುಡಿಯ ಮಗ್ಗುಲಲ್ಲಿ ಕೆರೆಯಿದೆ.