ಮಂಗ ಸತ್ತ ಸುದ್ದಿ

ನಮ್ಮ ಚಿತ್ರದುರ್ಗದ ಕಡೆ ಮಂಗ ಸತ್ತರೆ ಊರವರೇ ಹೊತ್ಕೊಂಡು ಹೋಗಿ, ಪೂಜೆ ಮಾಡಿ ಮಣ್ಣು ಮಾಡ್ತಾರೆ. ಹನುಮಂತ ಅಲ್ವಾ! ಆದರೆ ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ ದಾಟಿ ಮಲೆನಾಡಿಗೆ ಹೋದರೆ ಸತ್ತ ಮಂಗನ್ನ ಮುಟ್ಟೋ ಹಾಗೇ ಇಲ್ಲ.

1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮುಸಿಯ, ಮಂಗಗಳು ಒಂದರ ಹಿಂದೆ ಒಂದು ಸತ್ತವು. ಸೌದೆಗೆ ಹೋದವರಿಗೂ ಜ್ವರ, ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಏಷ್ಯಾಕ್ಕೆ ಕಾಲಿಡದ ಹಳದಿ ಜ್ವರ ಬಂತಾ ಅನ್ನೋದೇ ಮೊದಲ ಭಯ. ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಒಂದು ಮಿದುಳು ಜ್ವರದ ವೈರಸ್ಸಿಗೆ ನೆಂಟ. ವಲಸೆ ಹಕ್ಕಿ ತಂದಿತಾ ಅಂತ ಸಲೀಂ ಅಲಿ ತಂಡ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ಹಾಕಿದ್ದೂ ಇದೇ ಗುಮಾನಿಗೆ!

ಹರಡೋದು ಉಣುಗು. ಮಂಗ ಸತ್ತ ಮೇಲೆ ಅದರ ಮೈಯಿಂದ ಉದುರಿ ಅಲ್ಲೇ ಕಾಯ್ತವೆ. ಅದಕ್ಕೇ ಹೆಣ ಕಂಡರೆ ಇಲಾಖೆಗೆ ಸುದ್ದಿ, ಲ್ಯಾಬಿಗೆ ಸ್ಯಾಂಪಲ್, ಸುತ್ತ ಕೀಟನಾಶಕ. 1988ರಲ್ಲಿ ಯುರೋಪಿನ ಕಡಲತೀರಗಳಲ್ಲಿ ಸುಮಾರು 18,000 ಸೀಲ್‌ಗಳು ಡಿಸ್ಟೆಂಪರ್ ವೈರಸ್ಸಿಗೆ ಸತ್ತಾಗಲೂ ಮೊದಲು ಎಣಿಸಿದ್ದು ಹೆಣಗಳನ್ನೇ.

ಮಂಗನ ಕಾಯಿಲೆಗೆ ಇದ್ದ ಹಳೇ ಲಸಿಕೆ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಈಗ ಮುನ್ಸೂಚನೆ ಅಂದ್ರೆ, ಕಾಡಿಗೆ ಹೋದ ಯಾರೋ ಒಬ್ಬರು ಫೋನ್ ಮಾಡಿ ಹೇಳೋ ಆ ಒಂದು ಮಾತು: ಇಲ್ಲೊಂದು ಮಂಗ ಸತ್ತಿದೆ.