ಪಿನೊಚೆ ಮತ್ತು ಸರ್ವಾನುಮತದ ನಿಯಮ: 1978ರ ಜನಸಮಾಲೋಚನೆಯ ಮರುಪರಿಶೀಲನೆ

ಚಿಲಿಯ ಸೇನಾಡಳಿತವನ್ನು ಪಿನೊಚೆ ಒಬ್ಬನ ಆಳ್ವಿಕೆಯೆಂದು ಓದುವ ಪರಿಪಾಠಕ್ಕೆ ವಿದ್ವತ್ತಿನ ಬಲ ತಂದವರಲ್ಲಿ ಕರೆನ್ ರೆಮ್ಮರ್ ಪ್ರಮುಖರು. ಅವರ 1989ರ ಲೇಖನದ ವಾದ ಭೂಸೇನೆಯ ಮಟ್ಟಿಗೆ ಸರಿಯೇ. ಅಲ್ಲಿ ಪಿನೊಚೆಯ ಮಾತೇ ಕೊನೆಯದಾಗಿತ್ತು. ಶಾಸನರಚನೆಗೂ ಅದನ್ನು ಹಿಗ್ಗಿಸಿದಾಗ ತೊಡಕು ಶುರುವಾಗುತ್ತದೆ. ಹಾಗೆ ಹಿಗ್ಗಿಸುವವರು 1978ರ ಜನವರಿ 4ರ ಜನಸಮಾಲೋಚನೆಯನ್ನು ಆಧಾರವಾಗಿ ಮುಂದಿಡುತ್ತಾರೆ. ಆ ಆಧಾರ ಅವರ ವಾದವನ್ನೇ ಕೆಡವುತ್ತದೆ.

1974ರ ಜೂನ್‌ನ 527ನೇ ಆಜ್ಞಾಶಾಸನ ಕಾರ್ಯಾಂಗವನ್ನು ಪಿನೊಚೆಗೆ ಕೊಟ್ಟಿತು. ಶಾಸನ ಮಾಡುವ, ಸಂವಿಧಾನ ತಿದ್ದುವ ಅಧಿಕಾರವನ್ನು ನಾಲ್ಕು ಪಡೆಗಳ ಮುಖ್ಯಸ್ಥರ ಮಂಡಳಿಯಲ್ಲಿ, ಸರ್ವಾನುಮತದ ಷರತ್ತಿನೊಡನೆ, ಉಳಿಸಿತು. 1977ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಚಿಲಿಯನ್ನು ಖಂಡಿಸಿದಾಗ ಪಿನೊಚೆ ಜನರಿಂದ ಬೆಂಬಲದ ಮುದ್ರೆ ಬಯಸಿದ. ವಾಯುಪಡೆಯ ಗುಸ್ತಾವೊ ಲೀ, ನೌಕಾಪಡೆಯ ಮೆರೀನೊ ಒಪ್ಪಲಿಲ್ಲ. ಹಾಗಾಗಿ ಜನಸಮಾಲೋಚನೆಗೆ ಆಜ್ಞಾಶಾಸನ ಹೊರಡಲೇ ಇಲ್ಲ. ಹೊರಟದ್ದು ಬರಿಯ ಕಾರ್ಯಾಂಗದ ಆದೇಶ. ಆದೇಶಗಳ ಕಾನೂನುಬದ್ಧತೆಯನ್ನು ಜಾರಿಗೆ ಮುನ್ನ ಪರಿಶೀಲಿಸುವ ಮಹಾನಿಯಂತ್ರಕ ಎಕ್ಟರ್ ಉಮೆರೆಸ್ ಅದಕ್ಕೆ ಒಪ್ಪಿಗೆ ನಿರಾಕರಿಸಿದರು. ಅವರನ್ನು ನಿವೃತ್ತಿಗೊಳಿಸಿ ಆ ಸ್ಥಾನಕ್ಕೆ ಸೆರ್ಹಿಯೊ ಫರ್ನಾಂಡಿಸ್‌ರನ್ನು ತರಲಾಯಿತು. ಆದೇಶ ದಾಟಿತು.

ಇದೇ ಸರ್ವಾಧಿಕಾರದ ನಿದರ್ಶನವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಅಡ್ಡ ಬಂದ ಅಧಿಕಾರಿಯನ್ನು ಆತ ಕ್ಷಣದಲ್ಲಿ ಸರಿಸಿದ, ನಿಜ. ಆದರೆ ಆತ ಸರಿಸಿದ್ದು ಯಾರನ್ನು? ನಿಯಂತ್ರಕನನ್ನು. ಲೀ, ಮೆರೀನೊ ಇದ್ದಲ್ಲೇ ಇದ್ದರು. ಆತನಿಗೆ ದಕ್ಕಿದ್ದು ಮತಗಳ ಎಣಿಕೆ ಮಾತ್ರ. ಶಾಸನಾಧಿಕಾರದ ಒಂದು ಚೂರೂ ಅದರಿಂದ ಮಂಡಳಿಯ ಕೈಬಿಟ್ಟು ಹೋಗಲಿಲ್ಲ. ನಿಯಮ ಸತ್ತಿದ್ದರೆ ಇಷ್ಟು ಸುತ್ತಿ ಹೋಗುವ ಅಗತ್ಯವೇ ಇರುತ್ತಿರಲಿಲ್ಲ.

ಅದೇ ವರ್ಷ ಜುಲೈ 24ರಂದು ಲೀಯನ್ನು ಹೊರಹಾಕಿದ್ದನ್ನು ತೋರಿಸಿ ಈ ವಾದ ಮುಗಿಯಿತೆನ್ನುವವರಿದ್ದಾರೆ. (ಮಂಡಳಿಯ ನಡಾವಳಿಗಳನ್ನು ಓದಿ ರಾಬರ್ಟ್ ಬರೋಸ್ 2002ರಲ್ಲಿ ಪುಸ್ತಕ ಬರೆದ ಮೇಲೂ ಹೀಗೆನ್ನುವವರ ಬಗ್ಗೆ ನನಗೆ ತಾಳ್ಮೆಯಿಲ್ಲ.) ಉಚ್ಚಾಟನೆಗೆ ಮೆರೀನೊ ಮತ್ತು ಪೊಲೀಸ್ ಮುಖ್ಯಸ್ಥ ಮೆಂಡೋಜಾರ ಸಹಿ ಬೇಕಿತ್ತು, ಬಿತ್ತು. ಲೀಯ ಜಾಗಕ್ಕೆ ಬಂದ ಫೆರ್ನಾಂಡೊ ಮತ್ತೆಯಿಗೂ ಅದೇ ತಡೆಯಧಿಕಾರ ಸಿಕ್ಕಿತು. 1980ರ ಸಂವಿಧಾನದ ತಾತ್ಕಾಲಿಕ ವಿಧಿಗಳೂ ಸರ್ವಾನುಮತವನ್ನು ಉಳಿಸಿಕೊಂಡವು. ಮಂಡಳಿಯಲ್ಲಿ ಪಿನೊಚೆಯ ಕುರ್ಚಿ ಭೂಸೇನೆಯ ಇನ್ನೊಬ್ಬ ಜನರಲ್‌ಗೆ ಹೋಯಿತು. 1985ರ ಸೆಪ್ಟೆಂಬರ್‌ನಲ್ಲಿ, ಮುಂದಿನ ಜನಮತಗಣನೆಗೂ ಚುನಾವಣಾ ನ್ಯಾಯಮಂಡಳಿಯ ಉಸ್ತುವಾರಿ ಬೇಕೆಂದು ಸಂವಿಧಾನ ನ್ಯಾಯಮಂಡಳಿ ಬಹುಮತದಿಂದ ತೀರ್ಪಿತ್ತಿತು. 1988ರ ಅಕ್ಟೋಬರ್ 5ರಂದು ನಡೆದ ಆ ಜನಮತಗಣನೆಯಲ್ಲಿ ಪಿನೊಚೆ ಸೋತ. ಆ ರಾತ್ರಿ ಆತ ವಿಶೇಷಾಧಿಕಾರ ಕೇಳಿದಾಗ ಮತ್ತೆಯಿ ಒಪ್ಪಲಿಲ್ಲ.

ನಿಯಮವಿತ್ತು ಎಂದರೆ ಪ್ರಜೆಗಳಿಗೆ ರಕ್ಷಣೆಯಿತ್ತು ಎಂದು ನಾನು ಹೇಳುತ್ತಿಲ್ಲ. ಅದು ದಂಡನಾಯಕರು ಪರಸ್ಪರರಿಂದ ತಮ್ಮನ್ನು ಕಾಯ್ದುಕೊಳ್ಳಲು ಮಾಡಿಕೊಂಡ ಏರ್ಪಾಡು. ಆದರೂ ಏಕವ್ಯಕ್ತಿಯ ಓದನ್ನು ನಾನು ಇಷ್ಟು ಬಲವಾಗಿ ವಿರೋಧಿಸಲು ಕಾರಣವಿದೆ. ಅದು ಉಳಿದ ಮೂವರನ್ನು ಅಸಹಾಯಕ ಸಾಕ್ಷಿಗಳನ್ನಾಗಿ ಮಾಡಿಬಿಡುತ್ತದೆ. ಡೀನಾ ಎಂಬ ಗುಪ್ತಚರ ದಳಕ್ಕೆ ಕಾನೂನಿನ ರೂಪ ಕೊಟ್ಟ 521ನೇ ಆಜ್ಞಾಶಾಸನ ಹೊರಬಿದ್ದದ್ದೂ 1974ರ ಆ ಜೂನ್‌ನಲ್ಲೇ. ಅದರ ಕೆಳಗೆ ಪಿನೊಚೆಯ ಜೊತೆ ಮೆರೀನೊ, ಲೀ, ಮೆಂಡೋಜಾ ಮೂವರ ಸಹಿಯೂ ಇದೆ.